ಕದ ಕಳಚಿ ಕಟ್ಟಿದ ಗೊಬ್ಬರದ ಗಾಡಿ

“ಒಂದು ಆಳಿಲ್ಲದ, ಒಂದು ಬುಟ್ಟಿ ಹೊರಸಲಾರದ, ಒಂದ ಮುಂಜಾನ್ಯಾಗ ನನ್ನ ಹೊಲಕ್ಕ ಗೊಬ್ಬರಾ ಹಾಕಿಸಿ ತೋರಸ್ತೇನಿ! ಹೊರಗಿನವರಿಗೆ ಹೇಳ್ರಿ!”

ಮಂದಾಕಿನಿ ಅಡಿಗೆಮನೆಯ ಕದದ ಹಿಂದಿನಿಂದ ಹೀಗೆ ಘೋಷಿಸಿದಾಗ ನಾಗೊಂದಿಗೆಯ ಮೇಲಿನ ಹಿತ್ತಾಳೆ ತಂಬಿಗೆಗಳು ಕೂಡ ಒಮ್ಮೆ ಝಣ್ ಎಂದವು.

‘ಹೊರಗಿನವರು’ ಎಂದರೆ ಬೀದಿಯವರಲ್ಲ. ಕದದ ಆಚೆಗೆ, ನಾಲ್ಕು ಮೊಳ ದೂರದಲ್ಲಿ ಎಲೆಯ ಮುಂದೆ ಕುಳಿತಿದ್ದ ಭಾವ ಯಜ್ಞೇಶ್ವರರಾಯರು. ಗಂಡನ ಅಣ್ಣನ ಎದುರಿಗೆ ಸೊಸೆಯಾದವಳು ನಿಲ್ಲಬಾರದು, ಅವರೊಡನೆ ನೇರವಾಗಿ ಮಾತಾಡಬಾರದು ಎಂಬುದು ಧಾರವಾಡದ ಆ ಮನೆಯ ರೀತಿ. ರಾಯರಿಗೆ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಹಾಗಾಗಿ ಮನೆಯ ಮಾತುಗಳೆಲ್ಲ ರಮಾಕಾಂತನೆಂಬ ಏಕೈಕ ಟಪ್ಪಾಲಿನ ಮೂಲಕ ಹಾಯಬೇಕಾಗಿತ್ತು. ಅವನು ಒಬ್ಬರಿಗೆ ಗಂಡ, ಇನ್ನೊಬ್ಬರಿಗೆ ತಮ್ಮ, ಹಗಲೆಲ್ಲ ಕಚೇರಿಯಲ್ಲಿ ಕಾರಕೂನ.

“ಅಣ್ಣಾ, ಹಾಕಿಸಿ ತೋರಸ್ತಾಳಂತ,” ಎಂದ ರಮಾಕಾಂತ, ಅನ್ನ ಕಲಸುತ್ತ.

“ಕೇಳಿಸ್ತು. ಒಳಗಿನವರಿಗೆ ಹೇಳು. ಆಳುಗಳೆಲ್ಲ ಹುಬ್ಬಳ್ಳಿ ಜಿನ್ನಿನ್ಯಾಗ ಹತ್ತಿ ಹೊರಲಿಕ್ಕೆ ಹೋಗ್ಯಾರ. ರೋಹಿಣಿ ಮಳಿ ತಲಿ ಮ್ಯಾಲ ಬಂದದ. ಗೊಬ್ಬರಾ ಕಾಣದ ಹೊಲ ಜೋಳಾ ಕೊಡೂದಿಲ್ಲ. ಆ ತುಂಡು ನನ್ನ ಕಡೆ ಬಿಡ್ರಿ, ಶಿರಗುಪ್ಪಿ ಹೊಲದ ಜೋಡಿ ಅದನ್ನೂ ನೋಡಿಕೋತೇನಿ ಅನ್ನು.”

“ಮಂದಾ, ನೋಡಿಕೋತಾನಂತ.”

“ಕೇಳಿಸ್ತು! ನೋಡಿಕೊಳ್ಳೂದು ಬ್ಯಾಡ ಅಂತ ಹೇಳ್ರಿ!”

ಸಿಟ್ಟು ಬರಬಾರದೇ? ಲಕಮನಹಳ್ಳಿಯ ಹಾದಿಯಲ್ಲಿ ಅವಳ ತಂದೆ ಅರಿಷಿಣ ಕುಂಕುಮಕ್ಕೆಂದು ಬರೆದುಕೊಟ್ಟ ಹತ್ತು ಗುಂಟೆ ಅದು. ಒಂದು ಬದುವಿನಲ್ಲಿ ನಿಂತು ಸೀನಿದರೆ ಇನ್ನೊಂದು ಬದುವಿನ ಗುಬ್ಬಿ ಹಾರಿಹೋಗುವಷ್ಟು ಅಗಲ! ಆದರೆ ಇಡೀ ಲೋಕದಲ್ಲಿ ಮಂದಾಕಿನಿಯ ಹೆಸರಿಗಿದ್ದದ್ದು ಆ ತುಂಡು ಒಂದೇ. ಅಲ್ಲಿಯ ಎಳೆ ಜೋಳದ ಸೀತನಿಯನ್ನು ಅವಳು ಯಾರ ಅಪ್ಪಣೆಯೂ ಇಲ್ಲದೆ ತವರಿಗೆ ಕಳಿಸುತ್ತಿದ್ದಳು. ಸಂಜೆಯ ಗಾಳಿಗೆ ತೆನೆಗಳು ತಲೆ ತೂಗುವಾಗ ಅವು ತನಗೊಬ್ಬಳಿಗೇ ಹೂಂಗುಟ್ಟುತ್ತಿವೆ ಎಂದು ಅವಳಿಗೆ ಅನಿಸುತ್ತಿತ್ತು. ಅದನ್ನು ಭಾವನವರು ‘ನೋಡಿಕೊಳ್ಳುವುದು’ ಎಂದರೇನು!

ಕದದ ಈಚೆ ಆಚೆ ಮಾತು ಹಾರಾಡಿ, ರಮಾಕಾಂತನ ಅನ್ನ ಆರಿ, ಕೊನೆಗೆ ಪಣ ಗೊತ್ತಾಯಿತು. ರೋಹಿಣಿ ಮಳೆ ಬೀಳುವುದರೊಳಗೆ ಒಬ್ಬ ಆಳೂ ಇಲ್ಲದೆ ಹೊಲಕ್ಕೆ ಗೊಬ್ಬರ ಬಿದ್ದರೆ ಹೊಲದ ಮಾತನ್ನು ರಾಯರು ಇನ್ನೆಂದೂ ಎತ್ತಬಾರದು. ಬೀಳದಿದ್ದರೆ ಈ ವರ್ಷದಿಂದ ಸಾಗುವಳಿ ರಾಯರದು.

ಕೈ ತೊಳೆದು ಅಣ್ಣ ತಮ್ಮಂದಿರು ಎಲೆ ಅಡಿಕೆಗೆ ಹೊರಗಿನ ಕಟ್ಟೆಗೆ ಹೋಗಿ ಬಂದ ಮೇಲೆ ಮಂದಾಕಿನಿ ನಿತ್ಯದಂತೆ ಕೇಳಿದಳು: “ಸಾರು ಹೆಂಗಾಗಿತ್ತಂತ?”

“ಅಣ್ಣಗ ಭಾಳ ಸೇರೇದ. ಹಿಂಗ ಇರಲಿ ಅಂದಾ.”

ನೋಡಿ, ಶತ್ರು ಕೂಡ ಒಪ್ಪುವ ಸಾರು! ಮಂದಾಕಿನಿ ತಾನು ಮಜ್ಜಿಗೆ ಅನ್ನದವಳು; ಸಾರನ್ನು ಮಾಡುವುದಷ್ಟೇ ಅವಳ ಪಾಲು, ಹೊಗಳಿಕೆ ಅದರ ಪ್ರಸಾದ.

ಅವಳ ಧೈರ್ಯಕ್ಕೆ ಒಂದು ಕಾರಣವಿತ್ತು. ಊರ ಹೊರಗಿನ ಬಂಗಲೆಯ ಗೋರಾ ಸಾಹೇಬನೊಬ್ಬ ಒಂದು ವಿಚಿತ್ರ ಗಾಡಿಗೆ ತಟ್ಟು ಕುದುರೆ ಕಟ್ಟಿ ತನ್ನ ತೋಟದಲ್ಲಿ ಓಡಿಸುವುದನ್ನು ಅವಳು ಬೇಲಿಯ ಆಚೆಯಿಂದ ಕಂಡಿದ್ದಳು. ತೊಟ್ಟಿಯಂಥ ಪುಟ್ಟ ಗಾಡಿ. ಹಿಂದೆ ಕಬ್ಬಿಣದ ಮುಳ್ಳುಗಳ ಒಂದು ಉರುಳೆ. ಚಕ್ರ ತಿರುಗಿದರೆ ಸರಪಳಿ ತಿರುಗಬೇಕು, ಸರಪಳಿ ತಿರುಗಿದರೆ ಉರುಳೆ ತಿರುಗಬೇಕು, ಉರುಳೆ ತಿರುಗಿದರೆ ಗೊಬ್ಬರ ಬೀಸಣಿಗೆಯ ಹಾಗೆ ಹಿಂದಕ್ಕೆ ಹಾರಿ ನೆಲದ ಮೇಲೆ ಸಮನಾಗಿ ಬೀಳಬೇಕು! ಕೈಗೆ ಮಣ್ಣಿಲ್ಲ, ತಲೆಗೆ ಬುಟ್ಟಿಯಿಲ್ಲ. ಈಗ ಆ ಸಾಹೇಬ ಊರು ಬಿಡುತ್ತಿದ್ದ. ಬಂಗಲೆಯ ಸಾಮಾನು ಲಿಲಾವಿಗೆ, ಅಂದರೆ ಹರಾಜಿಗೆ, ಬಂದಿತ್ತು.

ರಮಾಕಾಂತ ಹೋಗಿ ಬೆಲೆ ಕೂಗಿದ. ಎದುರು ಕೂಗುವವರೇ ಇರಲಿಲ್ಲ! ಅದು ಏನೆಂದು ಲಿಲಾವಿನವನಿಗೇ ಗೊತ್ತಿರಲಿಲ್ಲ. ‘ಒಯ್ಯುವವರು ಲಗೂ ಒಯ್ಯಿರಿ’ ಎಂದು ಬಿಡುಗಡೆಯ ಉಸಿರು ಬಿಟ್ಟನಂತೆ. ಗಾಡಿ ಮನೆಗೆ ಬಂದಾಗ ಅದರ ಒಂದು ಚಕ್ರ ಪೂರ್ವಕ್ಕೆ ನೋಡುತ್ತಿತ್ತು, ಇನ್ನೊಂದು ಉತ್ತರಕ್ಕೆ. ಉರುಳೆಯ ಮುಳ್ಳಿನಲ್ಲಿ ಗುಬ್ಬಿ ಗೂಡು ಕಟ್ಟಿತ್ತು. ತಳದ ಹಲಗೆ ಮುಟ್ಟಿದರೆ ಹಿಟ್ಟು.

“ರಮ್ಯಾ,” ಎಂದರು ರಾಯರು ತಮ್ಮನಿಗೆ, ಕೊಡೆಯ ತುದಿಯಿಂದ ಅದನ್ನು ತಿವಿದು. “ಒಳಗಿನವರಿಗೆ ಕೇಳು. ಇದಕ್ಕ ಔಷಧಾ ಕೊಡಬೇಕೋ, ಗಂಗಾಜಲಾ ಬಿಡಬೇಕೋ?”

ಮಂದಾಕಿನಿಯ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದಾಗ ಅವಳು ಪಾತ್ರೆ ತಿಕ್ಕುವವಳು. ಹುಣಸೆಹಣ್ಣು, ಬೂದಿ, ತೆಂಗಿನ ನಾರು ತಂದು ಗಾಡಿಯನ್ನೇ ತಿಕ್ಕತೊಡಗಿದಳು! ತುಕ್ಕಿನ ಕೆಳಗಿನಿಂದ ಕಬ್ಬಿಣ ನಾಚುತ್ತ ಹೊರಗೆ ಬಂತು. ಗುಬ್ಬಿಯ ಗೂಡನ್ನು ಮಾತ್ರ ಒಂದು ಹುಲ್ಲೂ ಕದಲದಂತೆ ಎತ್ತಿ ಮಾಡಿನ ಸಂದಿಯಲ್ಲಿ ಇಟ್ಟಳು. ಸರಪಳಿಗೆ ಕುಸುಬಿ ಎಣ್ಣೆ ಸುರಿದಳು.

“ಈ ವಾರದ ಒಗ್ಗರಣಿ ಗಾಡಿಗೋ ನಮಗೋ?” ಎಂದು ಕೇಳಿದ ರಮಾಕಾಂತ.

“ಗಾಡಿಗೆ! ಅದು ಎದುರು ಮಾತಾಡೂದಿಲ್ಲ!”

ಉಳಿದ ಕೆಲಸಕ್ಕೆ ಬಡಿಗೇರ ಸಿದ್ದಲಿಂಗಪ್ಪ ಬಂದ. ತಟ್ಟುವಿನ ಮೂಕಿ ಕಿತ್ತು ಎತ್ತುಗಳ ನೊಗ ಕೂಡಿಸಿದ, ಚಕ್ರಗಳಿಗೆ ಒಂದೇ ದಿಕ್ಕು ಕಲಿಸಿದ, ತಳಕ್ಕೆ ಬಂದಾಗ ಕೈ ಕಟ್ಟಿ ನಿಂತ.

“ಸಾಗವಾನಿ ಹಲಗಿ ಬೇಕ್ರೆವ್ವಾ. ಬ್ಯಾರೇದು ಹಾಕಿದ್ರ ಹೊಲಾ ಮುಟ್ಟೂದ್ರಾಗ ಗೊಬ್ಬರ ಕೆಳಗ, ಗಾಡಿ ಮ್ಯಾಲ! ನನ್ನ ಕಡೆ ಇಲ್ಲ. ತರಸಬೇಕಂದ್ರ ದಾಂಡೇಲಿಯಿಂದ ಬರಬೇಕು. ಮಳಿ ಆದಮ್ಯಾಲ ಬರತೈತಿ.”

“ಮಳಿ ಆದಮ್ಯಾಲ ಅದನ್ನ ತಗೊಂಡು ನಾ ಏನು ತೊಟ್ಟಿಲಾ ಕಟ್ಟಲ್ಯಾ?” ಎಂದು ಸಿಡಿದ ಮಂದಾಕಿನಿ ಸುತ್ತಲೂ ನೋಡಿದಳು. ಮನೆಯಲ್ಲಿ ಸಾಗವಾನಿ ಎಲ್ಲಿದೆ? ಅವಳ ದೃಷ್ಟಿ ಅಡಿಗೆಮನೆಯ ಬಾಗಿಲಿನ ಮೇಲೆ ನಿಂತಿತು. ಒಂಟಿ ಕದ. ಅಜ್ಜಿಯ ಕಾಲದ್ದು. ಎರಡು ಬೆರಳು ದಪ್ಪ.

ಸಂಜೆ ರಮಾಕಾಂತ ಬಂದಾಗ ಬಾಗಿಲಿಗೆ ಕದದ ಬದಲು ಒಂದು ಹಳೆಯ ಜಮಖಾನ ತೂಗುತ್ತಿತ್ತು. ಕದ ಗಾಡಿಯ ತಳವಾಗಿ, ಅರ್ಧ ಶತಮಾನದ ಸಾರಿನ ಹಬೆ ಕುಡಿದ ಮೈಯನ್ನು ಚಾಚಿ, ಗೊಬ್ಬರಕ್ಕಾಗಿ ಕಾಯುತ್ತಿತ್ತು.

ಗೊಬ್ಬರವೂ ಸಾಮಾನ್ಯದ್ದಲ್ಲ! ಆ ಮನೆಯಲ್ಲಿ ಸಗಣಿಯೆಲ್ಲ ಕುಳ್ಳಾಗಿ ಸ್ನಾನದ ಒಲೆಗೆ ಹೋಗುವುದು. ಅದರಲ್ಲಿ ದಿನಕ್ಕೊಂದು ಬುಟ್ಟಿಯನ್ನು ಜಗಳವಾಡಿ ಉಳಿಸಿ ಹಿತ್ತಲ ತಿಪ್ಪೆಯಲ್ಲಿ ಕೊಳೆಸಿ ಕೂಡಿಹಾಕಿದ್ದು, ಹುರಿದ ಕಾಫಿಪುಡಿಯ ಹಾಗೆ ಕಪ್ಪಗೆ, ಹುಡಿಹುಡಿಯಾಗಿ, ಗಾಡಿಗೆ ಸರಿಯಾಗಿ ಒಂದೇ ತುಂಬು. ಅದಿಷ್ಟೇ ಇದ್ದದ್ದು. ಗಂಡ ಹೆಂಡತಿ ಇಬ್ಬರೇ ತುಂಬಿದರು; ರಮಾಕಾಂತ ಕಚೇರಿಯ ರುಮಾಲನ್ನು ಮೂಗಿಗೆ ಕಟ್ಟಿಕೊಂಡಿದ್ದ. ರಾತ್ರಿ ಹನಿ ಬಿದ್ದೀತೆಂದು ಮಂದಾಕಿನಿ ಜಮಖಾನವನ್ನೂ ಬಿಚ್ಚಿ ತಂದು ಅದಕ್ಕೆ ಹೊದಿಸಿದಳು.

ಬೆಳಗಾಯಿತು. ಪಡುವಣದ ಮುಗಿಲು ಕರ್ರಗೆ ಕಟ್ಟಿತ್ತು. ಗಾಳಿಯಲ್ಲಿ ಎಲ್ಲಿಯದೋ ನೆನೆದ ಮಣ್ಣಿನ ವಾಸನೆ. ಇವತ್ತು ತಪ್ಪಿದರೆ ಹೊಲ ತಪ್ಪಿದ ಹಾಗೆಯೇ! ಎತ್ತು ಹೂಡಿ, ಜಮಖಾನ ತೆಗೆದು, ರಮಾಕಾಂತ ಧೋತರ ಎತ್ತಿ ಕಟ್ಟಿ ಇನ್ನೇನು ಏರಬೇಕು, ಕಚೇರಿಯ ಪಟ್ಟೇವಾಲಾ ಅಂಗಳದಲ್ಲಿ ಪ್ರತ್ಯಕ್ಷನಾದ.

“ರಾವಸಾಹೇಬ್ರು ಕರದಾರ್ರಿ. ಈಗಿಂದೀಗ ಬರಬೇಕಂತ.”

“ಇವರಿಗೆ ಇವತ್ತ ಕರೀಲಿಕ್ಕೆ ಹೊತ್ತು ಸಿಕ್ತೇನು!” ಎಂದು ಮಂದಾಕಿನಿ ಒಳಗಿನಿಂದ ಗುಡುಗಿದಳು. ಗುಡುಗಿ ಫಲವೇನು? ರಮಾಕಾಂತ ಧೋತರ ಇಳಿಸಿ, ಕೋಟು ಏರಿಸಿ, ತಪ್ಪಿಸಿಕೊಂಡ ಕೈದಿಯ ಹಾಗೆ ಓಡಿದ.

ಆಳು ಕೂಡದು. ಗಂಡನಿಲ್ಲ. ಅಂಗಳದಲ್ಲಿ ಉಳಿದವರು ಎರಡು ಎತ್ತು, ಒಬ್ಬರು ಭಾವನವರು, ಕದವಿಲ್ಲದ ಬಾಗಿಲ ಗೋಡೆಗೆ ಆತುಕೊಂಡ ಅವಳು.

ರಾಯರು ಕೆಮ್ಮಿದರು. ಆಮೇಲೆ ತುಳಸಿಕಟ್ಟೆಯ ಕಡೆ ತಿರುಗಿ ಹೇಳಿದರು: “ರಮ್ಯಾ ಇಲ್ಲಂತ ಪಣಾ ಗೆದ್ದೆ ಅನಿಸಿಕೊಳ್ಳೂ ಮನಷ್ಯಾ ನಾ ಅಲ್ಲ. ಎತ್ತು ನನ್ನವು. ನಾ ಹೊಡೀತೇನಿ. ನಾ ಏನು ಆಳಲ್ಲ.”

ತುಳಸಿ ಸುಮ್ಮನಿತ್ತು. ಮಂದಾಕಿನಿಗೆ ಕೃತಜ್ಞತೆ ಬರಬೇಕಾಗಿತ್ತು, ಬಂದದ್ದು ಸಿಟ್ಟು. ಶತ್ರುವಿನ ಉಪಕಾರದಂಥ ಅಪಕಾರ ಬೇರೆ ಇದೆಯೇ! ಆದರೂ ಹೇಳಬೇಕಾದದ್ದು ಹೇಳಲೇಬೇಕು. ಅವಳು ಬಲಗಡೆಯ ಎತ್ತಿಗೆ ಹೇಳಿದಳು:

“ಹಂಡ್ಯಾ, ಕುಂಡ್ರೂ ಜಾಗಾದ ಬಾಜೂಕ ಒಂದು ಹಿಡಿಕಿ ಅದ. ಅದು ಮ್ಯಾಲ ಇದ್ದರ ಗಾಡಿ ಸುಮ್ಮನ ಹೋಗತದ. ಕೆಳಗ ಬಂದರ ಗೊಬ್ಬರಾ ಎರಚತದ. ಹೊಲಾ ಮುಟ್ಟೂತನಕಾ ಮ್ಯಾಲ ಇರಬೇಕಪಾ.”

“ಹಂಡ್ಯಾಗ ತಿಳೀತು,” ಎಂದರು ರಾಯರು ತುಳಸಿಗೆ.

ಹಂಡ್ಯಾನಿಗೆ ತಿಳಿದಿರಬಹುದು. ರಾಯರಿಗೆ ಎಷ್ಟು ತಿಳಿಯಿತೆಂಬುದು ಮುಂದೆ ಕಂಡಿತು. ಅವರು ಕಬ್ಬಿಣದ ಪೀಠದ ಮೇಲೆ ಮಡಿಸಿದ ಶಲ್ಯ ಹಾಸಿ ಗಂಭೀರವಾಗಿ ಕುಳಿತರು. ಕೊಡೆ ಎಲ್ಲಿಡುವುದು? ಪಕ್ಕದಲ್ಲೇ ಗೂಟದ ಹಾಗೆ ಚೆಂದವಾದದ್ದೊಂದು ಎದ್ದು ನಿಂತಿತ್ತು. ದಪ್ಪ ಹಿಡಿಯ ಆ ಭಾರೀ ಕೊಡೆಯನ್ನು ಅದಕ್ಕೆ ತೂಗುಹಾಕಿದರು. ಜೊತೆಗೆ ಎಲೆ ಅಡಿಕೆಯ ಚೀಲವನ್ನೂ!

ಗಾಡಿ ಹೊರಟಿತು. ಭಾವನವರ ಮುಂದೆ ನಡೆಯಬಾರದು, ಅದೂ ರೀತಿ. ಆದ್ದರಿಂದ ಮಂದಾಕಿನಿ ಸೆರಗು ಹೊದ್ದು, ತಲೆ ತಗ್ಗಿಸಿ, ಗಾಡಿಯ ಹಿಂದೆ ನಡೆದಳು. ಗೊಬ್ಬರದ ಗಾಡಿಯ ಹಿಂದೆ!

ಓಣಿಯ ಮೊದಲ ತಗ್ಗಿನಲ್ಲಿ ಚಕ್ರ ಧಡಲ್ಲನೆ ಇಳಿಯಿತು. ಕೊಡೆ ಹಾರಿ ಕುಪ್ಪಳಿಸಿತು. ಹಿಡಿಕೆ ಕೆಳಗೆ ಬಂತು.

ಖಟ್! ಖಟಖಟಖಟ! ಸಾಹೇಬನ ಉರುಳೆ ಧಾರವಾಡದಲ್ಲಿ ಕಣ್ಣು ತೆರೆಯಿತು. ಮೊದಲನೆಯ ಮುಷ್ಟಿ ಮಂದಾಕಿನಿಯ ಇಳಕಲ್ಲ ಸೀರೆಯ ಮೇಲೆ ಬಿತ್ತು, ಎರಡನೆಯದು ಕುಂಕುಮದ ಮೇಲೆ. ಅವಳು ಹಿಂದಕ್ಕೆ ಹಾರಿದಳು. ಇನ್ನೂ ಹಿಂದಕ್ಕೆ. ಗೊಬ್ಬರ ತಾಗದಷ್ಟು ದೂರ ಸರಿದರೆ ದನಿಯೂ ತಾಗದಷ್ಟು ದೂರ!

ಕೆಮ್ಮಿದಳು. ಕಬ್ಬಿಣದ ಗದ್ದಲದಲ್ಲಿ ಆ ಕೆಮ್ಮು ಎಲ್ಲಿ? ಬಳೆ ಸದ್ದು ಮಾಡಿದಳು. ಎರಡು ಒಡೆದವು, ಅಷ್ಟೇ. ಹೆಸರು ಕೂಗಿ ಕರೆಯುವುದಂತೂ ಮಾತೇ ಅಲ್ಲ; ಭಾವನವರ ಹೆಸರನ್ನು ಅವಳು ಮನಸ್ಸಿನಲ್ಲಿ ಕೂಡ ಅಂದವಳಲ್ಲ.

ಅಷ್ಟರಲ್ಲಿ ಓಣಿಗೆ ಓಣಿಯೇ ಬಾಗಿಲಿಗೆ ಬಂದಿತ್ತು. ಮುಂಜಾನೆಯ ನೀರು ಚಿಮುಕಿಸಿದ ಅಂಗಳಗಳು, ಆಗಷ್ಟೇ ಇಟ್ಟ ರಂಗೋಲಿಗಳು. ಅವುಗಳ ಮೇಲೆ ಗಾಡಿ, ಯಾರಿಗೂ ಹೆಚ್ಚಿಲ್ಲ ಯಾರಿಗೂ ಕಡಿಮೆಯಿಲ್ಲ ಎನ್ನುವ ಧರ್ಮರಾಜನ ಹಾಗೆ, ಸಮಸಮನಾಗಿ ಹಂಚುತ್ತ ಸಾಗಿತ್ತು. ಮೂಲೆಮನೆಯ ಶಿವಬಸವ್ವ ರಂಗೋಲಿಯ ಬಟ್ಟಲು ಹಿಡಿದುಕೊಂಡೇ ಗರ ಬಡಿದು ನಿಂತಿದ್ದಳು.

“ಶಿವಬಸವ್ವಾ! ಅವರಿಗೆ ಹೇಳ್ರಿ, ಕೊಡಿ ತಗದು ಹಿಡಿಕಿ ಎತ್ತಲಿಕ್ಕೆ ಹೇಳ್ರಿ!”

“ಹಿಡಿಕಿ ಗಿಡಿಕಿ ಆಮ್ಯಾಲ ಆತು! ನನ್ನ ಅಂಗಳಕ್ಕ ಏನ ಹೇಳ್ತೀರಿ?” ಎಂದು ಶಿವಬಸವ್ವ ಬಟ್ಟಲು ಬೀಸಿ ಗಾಡಿಯ ಹಿಂದೆ ಓಡಿದಳು. “ಏ ರಾಯರ! ಕಣ್ಣ ಅದಾವೋ ಇಲ್ರಿ? ಹಿರಿಯಾರಾಗಿ ಮಂದಿ ಹೊಸ್ತಿಲಕ್ಕ ತಿಪ್ಪಿ ಒಗಿಯಾಕತ್ತೀರಲ್ಲ!”

ಟಪ್ಪಾಲು ಕೆಟ್ಟಿತು. ಹಿಡಿಕೆಯ ಮಾತು ಹೋಗಲೇ ಇಲ್ಲ. ಬೈಗುಳ ಮಾತ್ರ ಮುಟ್ಟಿತು. ಹೆಂಗಸಿನ ಬಾಯಿಂದ ನಡುಬೀದಿಯಲ್ಲಿ ಬೈಸಿಕೊಂಡ ರಾಯರು ಅಲ್ಲಿಂದ ಪಾರಾಗಲೆಂದು ಬಾರುಕೋಲು ಎತ್ತಿದರು. ಎತ್ತು ಓಡಿದವು. ಚಕ್ರ ಜೋರಾದರೆ ಉರುಳೆಯೂ ಜೋರು! ಇಷ್ಟು ಹೊತ್ತು ಅಂಗಳಕ್ಕೆ ಬೀಳುತ್ತಿದ್ದದ್ದು ಈಗ ಕಟ್ಟೆಗೆ, ಕಿಟಕಿಗೆ, ಒಣಹಾಕಿದ ಧೋತರಕ್ಕೆ ಬೀಳತೊಡಗಿತು. ಬೈಗುಳ ಹೆಚ್ಚಿದಷ್ಟು ಓಟ, ಓಟ ಹೆಚ್ಚಿದಷ್ಟು ಗೊಬ್ಬರ, ಗೊಬ್ಬರ ಹೆಚ್ಚಿದಷ್ಟು ಬೈಗುಳ!

ಮಂದಾಕಿನಿಯ ಕಣ್ಣ ಮುಂದೆಯೇ ಅವಳ ತಿಪ್ಪೆ, ಅವಳ ಜಗಳ, ಅವಳ ಜೋಳ, ಅವಳ ಸೀತನಿ ಹಾರಿ ಹಾರಿ ಹೋಗುತ್ತಿದ್ದವು. ಓಣಿ ಮುಗಿಯುತ್ತ ಬಂತು. ಆಚೆಗೆ ಲಕಮನಹಳ್ಳಿಯ ಹಾದಿ. ಅವಳೊಳಗೆ ಏನೋ ಕಟ್ಟೆ ಒಡೆಯಿತು. ಕಚ್ಚೆ ಬಿಗಿದಳು. ಸೆರಗು ಸೊಂಟಕ್ಕೆ ಸುತ್ತಿದಳು. ಗೊಬ್ಬರದ ಮಳೆಯನ್ನು ಸೀಳಿ ಓಡಿ, ಗಾಡಿಯನ್ನು ದಾಟಿ, ಎತ್ತುಗಳ ಮುಂದೆ ಎರಡೂ ಕೈ ಚಾಚಿ ನಿಂತು, ಮದುವೆಯಾದಾಗಿನಿಂದ ಕದದ ಹಿಂದೆ ಕೂಡಿಟ್ಟ ಅಷ್ಟೂ ದನಿಯಲ್ಲಿ ಕೂಗಿದಳು:

“ಭಾವಾ! ಕೊಡಿ ತಗೀರಿ! ಹಿಡಿಕಿ ಎತ್ರಿ!”

ಎತ್ತು ನಿಂತವು. ಬೀದಿ ನಿಂತಿತು. ರಾಯರು ಕೊಡೆ ತೆಗೆದರು. ಹಿಡಿಕೆ ಎತ್ತಿದರು. ಖಟ್ ಎಂದು ಉರುಳೆ ಕಚ್ಚು ಬಿಟ್ಟಿತು.

ಮಂದಾಕಿನಿ ಗಾಡಿಯೊಳಗೆ ಇಣುಕಿದಳು. ತಳದಲ್ಲಿ ಅಡಿಗೆಮನೆಯ ಕದ ಮಾತ್ರ, ಗುಡಿಸಿಟ್ಟ ಹಾಗೆ ಸ್ವಚ್ಛವಾಗಿ, ಅವಳನ್ನೇ ನೋಡುತ್ತಿತ್ತು.

“ನಿಮಗ ಒಂದು ಸಲಾನೂ ಹಿಂದ ತಿರುಗಿ ನೋಡಬೇಕಂತ ಅನಸಲಿಲ್ಲೇನು?” ಎಂದಳು. ತಾನು ಎತ್ತಿಗಲ್ಲ, ಅವರಿಗೇ ಹೇಳುತ್ತಿದ್ದೇನೆಂಬುದು ಅವಳಿಗೆ ಮರೆತೇಹೋಗಿತ್ತು.

“ನೋಡಿದ್ದೆ,” ಎಂದರು ರಾಯರು. ಅವರಿಗೂ ಮರೆತಿತ್ತು.

“ನೋಡಿದ್ರಿ? ಯಾವಾಗ?”

“ಶಿವಬಸವ್ವನ ಮನಿಕಿಂತಾ ಮೊದಲ.”

“ಮತ್ತ ಹೇಳಬಾರದಾಗಿತ್ತ?”

ರಾಯರು ನಿಜವಾಗಿಯೂ ನೊಂದ ದನಿಯಲ್ಲಿ ಹೇಳಿದರು: “ಯಾರಿಗೆ ಹೇಳಲಿ? ರಮ್ಯಾ ಕಚೇರಿಗೆ ಹೋಗಿದ್ದಾ!”

“ಗಾಡಿನಾರೆ ನಿಲ್ಲಸಬಾರದಾಗಿತ್ತ?”

“ನಿಲ್ಲಿಸಿದ್ರ ಅಡ್ಡಗಾಲು ಹಾಕಿದ್ರು ಅಂತಿದ್ದಿ. ನಿನ್ನ ಯಂತ್ರಾ, ನಿನ್ನ ಪಣಾ. ಯಂತ್ರದ ಧರ್ಮ ಹಿಂಗ ಇರಬೇಕು ಅಂದುಕೊಂಡೆ.”

ಅಷ್ಟರಲ್ಲಿ ಹಿಂದಿನಿಂದ ಕಸಬರಿಗೆಗಳ ಸದ್ದು ಕೇಳಿಸಿತು. ಓಣಿಯ ಹೆಂಗಸರು ಬುಟ್ಟಿ ತಂದಿದ್ದರು. ಅಂಗಳ ಬಳಿಯುತ್ತಿದ್ದರು. ಬಳಿದದ್ದನ್ನು ಬೀದಿಗೆ ಚೆಲ್ಲುತ್ತಿದ್ದರೇ? ಇಲ್ಲ! ತಂತಮ್ಮ ಹಿತ್ತಲಿಗೆ ಸಾಗಿಸುತ್ತಿದ್ದರು!

“ಅದು ನನ್ನ ಗೊಬ್ಬರಾ!” ಎಂದು ಮಂದಾಕಿನಿ ಕೂಗಿದಳು.

“ನಿಮ್ಮದಾದ್ರ ನಮ್ಮ ಅಂಗಳಕ್ಕ ಯಾಕ ಬಂತ್ರೆಕ್ಕಾರ?” ಎಂದಳು ಶಿವಬಸವ್ವ, ಬುಟ್ಟಿ ಸೊಂಟಕ್ಕೇರಿಸಿ. ಕೊತ್ತಂಬರಿ ಬೆಳೆದು ಮಾರುವ ರಾಜಬಿ ಒಂದು ಹಿಡಿ ಎತ್ತಿ ಮೂಸಿ ಮೆಚ್ಚಿದಳು. “ಬಂಗಾರದಂಥಾ ಗೊಬ್ಬರರೀ ಬಾಯಾರ! ನಿಮ್ಮ ಗಾಡಿ ಮತ್ತ ಯಾವಾಗ ಬರತೈತ್ರಿ? ನನ್ನ ಒಂದು ಮಡಿ ಇನ್ನೂ ಉಳದೈತಿ.”

ಮಧ್ಯಾಹ್ನ ರೋಹಿಣಿ ಮಳೆ ಬಂತು. ಬೀದಿಯಲ್ಲಿ ಉಳಿದಿದ್ದ ಚೂರುಪಾರು ಕೂಡ ಗಟಾರಕ್ಕೆ ಹೋಯಿತು.

ಸಂಜೆಯ ಊಟಕ್ಕೆ ಅಣ್ಣ ತಮ್ಮಂದಿರು ಕುಳಿತರು. ಬಾಗಿಲಿಗೆ ಕದವಿರಲಿಲ್ಲ. ಜಮಖಾನ ಹಿತ್ತಲ ಕಲ್ಲಿನ ಮೇಲೆ ನೆನೆಯುತ್ತಿತ್ತು. ಮಂದಾಕಿನಿ ಹೊಸ್ತಿಲಲ್ಲಿ ಸೌಟು ಹಿಡಿದು, ನೇರ ಎದುರಿಗೆ ನಿಂತಳು. ಹತ್ತು ಗುಂಟೆ ಈ ಊಟದಲ್ಲಿ ಉಳಿಯಬೇಕು, ಇಲ್ಲವೇ ಹೋಗಬೇಕು.

“ಹೊಲಕ್ಕ ಗೊಬ್ಬರಾ ಬೀಳಲಿಲ್ಲ,” ಎಂದರು ರಾಯರು.

“ಕೊಡಿ ತೂಗಹಾಕಿದ್ದು ನಾನಲ್ಲ,” ಎಂದಳು ಮಂದಾಕಿನಿ.

ರಮಾಕಾಂತ ರೂಢಿಯಂತೆ ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗಿ, “ಅಣ್ಣಾ, ಕೊಡಿ...” ಎಂದು ತೊಡಗಿದ.

“ನೀ ಸುಮ್ಮನ ಉಣ್ಣು!” ಎಂದರು ಇಬ್ಬರೂ.

ರಾಯರು ಕಲಸಿದ ಅನ್ನವನ್ನು ಬದಿಗೆ ಸರಿಸಿದರು. “ಪಣದಾಗ ತಪ್ಪು ಇಬ್ಬರದೂ ಆತು. ಹೊಲಾ ನಿನ್ನದ ಇರಲಿ. ಆ ಮಾತು ನಾ ಇನ್ನ ಎತ್ತೂದಿಲ್ಲ. ಶಿರಗುಪ್ಪಿಯಿಂದ ಒಂದು ಗಾಡಿ ಗೊಬ್ಬರಾ ತರಸ್ತೇನಿ. ಬಿತ್ತಲಿಕ್ಕೆ ಇನ್ನೂ ಹೊತ್ತದ. ಆದರ ಒಂದು ಕರಾರು. ಆ ಕದಾ ಗಾಡ್ಯಾಗ ಇರಲಿ. ತಿರುಗಿ ಇಲ್ಲೆ ಹಚ್ಚಬ್ಯಾಡ.”

ಮಂದಾಕಿನಿಯ ಕಣ್ಣು ತುಂಬಿತು. ಆಹಾ! ಕದದ ಹಿಂದಿನ ಸೊಸೆಯ ಮಾತಿಗೆ ಕಡೆಗೂ ಒಂದು ಬೆಲೆ ಬಂತು. ಅವಳೊಡನೆ ಎದುರುಬದುರು ಮಾತಾಡುವ ಸುಖ ಭಾವನವರಿಗೂ ತಿಳಿಯಿತು! ಅವಳು ಗೆದ್ದ ರಾಣಿಯ ನಮ್ರತೆಯಿಂದ ಕೇಳಿದಳು: “ಯಾಕ್ರಿ ಭಾವಾ?”

“ಏನಿಲ್ಲ. ನೀ ಈ ಮನಿಗೆ ಬಂದಾಗಿಂದ ಈ ರಮ್ಯಾನ ಕೈಯಾಗ ಒಂದ ಮಾತು ದಿನಾ ಕಟ್ಟಿ ಮ್ಯಾಲಿಂದ ಹೇಳಿ ಕಳಸಲಿಕ್ಕೆ ಹತ್ತೇನಿ. ಇನ್ನೂ ನಿನಗ ಮುಟ್ಟಿದಂಗ ಕಾಣೂದಿಲ್ಲ. ಸಾರಿಗೆ ಉಪ್ಪು ಭಾಳ ಆಗತದವ್ವಾ.”

ಮಂದಾಕಿನಿ ಗಂಡನ ಕಡೆ ತಿರುಗಿದಳು. ರಮಾಕಾಂತ ಮಾಡಿನ ಸಂದಿಯ ಗುಬ್ಬಿಯ ಗೂಡನ್ನು, ಜೀವನದಲ್ಲಿ ಮೊದಲ ಸಲ ಕಂಡವನಂತೆ, ಎವೆಯಿಕ್ಕದೆ ನೋಡುತ್ತಿದ್ದ.

ಸುಳ್ಳು! ಇಬ್ಬರೂ ಕೂಡಿ ಆಡಿದ ಸುಳ್ಳು! ಅವಳು ರಭಸದಿಂದ ಒಲೆಯ ಕಡೆ ಹೋಗಿ, ಸೌಟಿನಿಂದ ಸಾರನ್ನು ಅಂಗೈಗೆ ಸುರಿದುಕೊಂಡು, ಧೀರಳಾಗಿ ಬಾಯಿಗೆ ಹಾಕಿಕೊಂಡಳು. ಆಮೇಲೆ ತಂಬಿಗೆ ಎತ್ತಿ ನೀರು ಕುಡಿದಳು. ತಂಬಿಗೆ ಬರಿದಾಯಿತು, ಕೊಡಕ್ಕೆ ಕೈ ಹಾಕಿದಳು. ಯಾರೂ ಕಾಣದಂತೆ ಕುಡಿಯೋಣವೆಂದರೆ, ಹಾಳಾದ ಬಾಗಿಲಿಗೆ ಕದವೇ ಇರಲಿಲ್ಲ!